ಬಾಳಿದ್ದಕ್ಕೆ ಬಿಲ್ಲು

ಮನೆ ಮಾಲೀಕರಾದ ತಮ್ಮ ಸನ್ನಿಧಾನಕ್ಕೆ,

ತಮ್ಮ ಮಹಡಿ ಮನೆಯ ಮಾಜಿ ಬಾಡಿಗೆದಾರ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ, ತಾವು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ತಲುಪಿತು. ಅದಕ್ಕೆ ನಾನು ಬರೆದ ಮೂರು ಉತ್ತರಗಳೂ ತಮಗೆ ತಲುಪಿವೆ ಎಂದು ಎರಡೆರಡು ನೀಲಿ ಗೆರೆಗಳು ಸಾಕ್ಷಿ ಹೇಳುತ್ತಿವೆ. ಉತ್ತರ ಬರಲಿಲ್ಲ. ತಾವು ಈ ಪತ್ರಿಕೆಯನ್ನು ಮಾತ್ರ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೀರಿ ಎಂಬುದು ಏಳು ವರ್ಷ ತಮ್ಮ ತಲೆಯ ಮೇಲೆ ಓಡಾಡಿಕೊಂಡಿದ್ದ ನನಗೆ ಗೊತ್ತು. ಹಾಗಾಗಿ ಈ ದಾರಿ ಹಿಡಿದೆ. ಹೆಸರು ಹಾಕಿಲ್ಲ. ಬೆಂಗಳೂರಿನಲ್ಲಿ ಈ ಪತ್ರ ತಮಗೇ ಬರೆದದ್ದೆಂದುಕೊಳ್ಳುವ ಮಾಲೀಕರು ಎಷ್ಟು ಜನ ಸಿಗುತ್ತಾರೋ ನೋಡುವ ಕುತೂಹಲವೂ ಇದೆ.

ಮೊದಲು ಕ್ಷಮೆ ಕೇಳಬೇಕು. ತಮ್ಮ ಮನೆಯನ್ನು ಬಾಡಿಗೆಗೆ ಪಡೆದು ಅದರಲ್ಲಿ ವಾಸ ಮಾಡಿಬಿಟ್ಟೆ. ತಪ್ಪಾಯಿತು. ನೆಲದ ಮೇಲೆ ನಡೆದೆ, ಸ್ವಿಚ್ಚು ಒತ್ತಿದೆ, ನಲ್ಲಿ ತಿರುಗಿಸಿದೆ, ಬಾಗಿಲು ತೆಗೆದೆ, ಹಾಕಿದೆ. ಹೆಂಡತಿ ಒಗ್ಗರಣೆ ಹಾಕಿದಳು. ಇಷ್ಟೆಲ್ಲ ಮಾಡದೆ ಬಾಗಿಲಿಗೆ ಬೀಗ ಹಾಕಿಕೊಂಡು ಬೇರೆಲ್ಲೋ ಇದ್ದು, ತಿಂಗಳು ತಿಂಗಳು ಐದನೇ ತಾರೀಖಿನೊಳಗೆ ಬಾಡಿಗೆ ಮಾತ್ರ ಕಳಿಸಿದ್ದರೆ ಇವತ್ತು ನಮ್ಮಿಬ್ಬರ ನಡುವೆ ಮನಸ್ತಾಪ ಇರುತ್ತಿರಲಿಲ್ಲ.

ಪಟ್ಟಿಯಲ್ಲಿ 11 ಬಾಬ್ತುಗಳಿವೆ, ಒಟ್ಟು 70,500 ರೂಪಾಯಿ. 2018ರ ಜೂನ್‌ನಲ್ಲಿ ನಾನು ಕೊಟ್ಟ ಅಡ್ವಾನ್ಸು ಹತ್ತು ತಿಂಗಳ ಬಾಡಿಗೆ, ಅಂದರೆ ಒಂದೂವರೆ ಲಕ್ಷ. ಬ್ಯಾಂಕಿನಲ್ಲಿ ಶೇ. 6ರ ಲೆಕ್ಕ ಹಿಡಿದರೂ ವರ್ಷಕ್ಕೆ 9,000, ಏಳು ವರ್ಷಕ್ಕೆ 63,000, ಅದೂ ಸರಳ ಬಡ್ಡಿಯಲ್ಲಿ. ಆ ಬಡ್ಡಿಯನ್ನು ನಾನು ಕೇಳುತ್ತಿಲ್ಲ. ಬೆಂಗಳೂರಿನಲ್ಲಿ ಅಡ್ವಾನ್ಸಿಗೆ ಬಡ್ಡಿ ಕೇಳಿದವನನ್ನು ಜನ ಅನುಮಾನದಿಂದ ನೋಡುತ್ತಾರೆ, ಸಂಬಂಧ ಮಾಡುವುದಿಲ್ಲ. ಪಟ್ಟಿಯ ಮೊತ್ತ ಹಿಡಿದುಕೊಂಡು ಉಳಿದ ಅಡ್ವಾನ್ಸನ್ನು ತಾವು ಕಳಿಸಿದ್ದೀರಿ. ನಾನು ಕೇಳುತ್ತಿರುವುದು ಆ ಹಿಡಿದುಕೊಂಡ ಅಸಲನ್ನು.

ಮನೆ ಖಾಲಿ ಮಾಡಿದ ಆ ಭಾನುವಾರ ಬೆಳಿಗ್ಗೆ ತಾವು ಮೇಲೆ ಬಂದ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕೈಯಲ್ಲಿ ಮೊಬೈಲಿನ ಟಾರ್ಚು, ಇನ್ನೊಂದರಲ್ಲಿ ಬ್ಯಾಂಕಿನವರು ಕೊಟ್ಟ ಹಳೇ ಡೈರಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಹಾಡುಹಗಲು, ಕಿಟಕಿ ಪೂರ್ತಿ ತೆರೆದಿದ್ದರೂ ಟಾರ್ಚು ಯಾಕೆ ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ಗೋಡೆಗೆ ಅಡ್ಡಲಾಗಿ ಬೆಳಕು ಬಿಟ್ಟರೆ ಮೊಳೆ ಹೊಡೆದ ತೂತುಗಳು ಎದ್ದು ಕಾಣುತ್ತವೆ ಅಂತ ತಾವೇ ವಿವರಿಸಿದಿರಿ. ಒಂದೊಂದು ತೂತಿನ ಸುತ್ತಲೂ ಪೆನ್ಸಿಲಿನಿಂದ ಸೊನ್ನೆ ಸುತ್ತಿದಿರಿ. ಪತ್ತೇದಾರರು ಹೆಣದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರಲ್ಲ, ಹಾಗೆ. ಒಟ್ಟು 23 ಸೊನ್ನೆ, ತಲಾ 150, ಒಟ್ಟು 3,450.

ಸ್ವಾಮಿ, ಅದರಲ್ಲಿ ಒಂಬತ್ತು ಮೊಳೆ ನಾನು ಬರುವಾಗಲೇ ಇದ್ದವು. ಹಾಲಿನ ದೊಡ್ಡ ಮೊಳೆ, ಅದೇ, ಎರಡು ತೆಂಗಿನಕಾಯಿ ನೇತುಹಾಕಿದರೂ ಜಗ್ಗದಂಥದ್ದು, ಹಿಂದಿದ್ದವರು ಹೊಡೆದದ್ದು. ಅವರಿಂದಲೂ ತಾವು ಮೊಳೆ ಬಾಬ್ತು ಮುರಿದುಕೊಂಡಿರಿ ಎಂದು ಅವರೇ ನನಗೆ ಹೇಳಿದ್ದಾರೆ. ಮುಂದೆ ಬರುವವರಿಗೂ ಅದು ಹಾಗೇ ಕಾಯುತ್ತಿದೆ. ಒಂದು ತೂತನ್ನು ಮೂರು ಸಲ ಮಾರಬಹುದಾದರೆ ತಾವು ಮನೆ ಬಾಡಿಗೆ ಕೊಡುವ ತೊಂದರೆ ಏಕೆ ತೆಗೆದುಕೊಳ್ಳುತ್ತೀರಿ ಎಂಬುದೇ ನನಗೆ ಸೋಜಿಗ.

ಮುಂಬಾಗಿಲ ಪಾಲಿಶ್, 5,000. ಕಾರಣ: ಹೊಸಿಲು ಹಳದಿಗಟ್ಟಿದೆ. ನಿಜ, ಹಳದಿಗಟ್ಟಿದೆ. ನಾವು ಹಾಲುಕ್ಕಿಸಿದ ದಿನ ತಮ್ಮ ಮನೆಯವರೇ ಮೇಲೆ ಬಂದು, ಅರಿಶಿನ ಕುಂಕುಮ ಕೊಟ್ಟು, ಶುಕ್ರವಾರ ಹೊಸಿಲು ಬೋಳಾಗಿರಬಾರದಮ್ಮ, ಮನೆಗೆ ಶ್ರೇಯಸ್ಸಲ್ಲ ಎಂದು ನನ್ನ ಹೆಂಡತಿಗೆ ಹೇಳಿದರು. ಅವಳು ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಏಳು ವರ್ಷಕ್ಕೆ ಸುಮಾರು 365 ಶುಕ್ರವಾರ. ತಮ್ಮ ಮನೆಯ ಶ್ರೇಯಸ್ಸಿಗಾಗಿ ನಮ್ಮ ಖರ್ಚಿನಲ್ಲಿ ಹಚ್ಚಿದ ಅರಿಶಿನಕ್ಕೆ ಈಗ ನಾವೇ ದಂಡ ಕಟ್ಟುತ್ತಿದ್ದೇವೆ. ಹಬ್ಬದ ಶುಕ್ರವಾರಗಳಿಗೆ ಬೇರೆ ದರ ಹಾಕಿಲ್ಲ, ಅದು ತಮ್ಮ ದೊಡ್ಡ ಗುಣ.

ಇನ್ನು ಕೋಣೆಯ ಗೋಡೆ. ಮೇಲಿನ ಟ್ಯಾಂಕಿನ ಬುಡದಿಂದ ನೀರು ಜಿನುಗುತ್ತಿದೆ ಎಂದು ನಾನು ಮೊದಲು ಹೇಳಿದ್ದು 2019ರ ಮಳೆಗಾಲದಲ್ಲಿ. ಆಗ ಆ ಕಲೆ ಬೀದರ್ ಜಿಲ್ಲೆಯಷ್ಟಿತ್ತು. ಈ ಮಳೆ ಮುಗೀಲಿ, ನೋಡೋಣ ಅಂದಿರಿ. ಮುಂದಿನ ವರ್ಷ ಕಲಬುರಗಿ, ರಾಯಚೂರು ಸೇರಿಕೊಂಡವು. ಮಳೆ ಮುಗೀಲಿ ಅಂದಿರಿ. ಮೂರನೇ ಮಳೆಗೆ ಅದು ಪೂರ್ತಿ ಕರ್ನಾಟಕವಾಗಿ, ಬೆಳಗಾವಿಯ ಕಡೆಯಿಂದ ಗಡಿ ದಾಟಿ ಪಕ್ಕದ ಗೋಡೆಗೆ ಹೋಯಿತು. ಮಹಾಜನ ವರದಿ ತೋರಿಸಿದ್ದರೂ ನಿಲ್ಲುತ್ತಿರಲಿಲ್ಲ. ಸುಣ್ಣ ಹೊಟ್ಟು ಹೊಟ್ಟಾಗಿ ಹಾಸಿಗೆಯ ಮೇಲೆ ಉದುರುವುದನ್ನು ರಾತ್ರಿ ಕೊಡವಿ ಮಲಗುತ್ತಿದ್ದೆವು. ಪಟ್ಟಿಯಲ್ಲಿ ತಾವು ಇದಕ್ಕೆ ಕೊಟ್ಟ ವಿವರಣೆ: ಮನೆಯೊಳಗೆ ಒದ್ದೆ ಬಟ್ಟೆ ಒಣಹಾಕಿದ್ದರಿಂದ ತೇವ. ಈ ತೇವಕ್ಕೂ ಸೇರಿಸಿ ಪೇಂಟಿಂಗ್ ಬಾಬ್ತು 38,000. ನಮ್ಮ ನಾಲ್ಕು ಬನಿಯನ್ನಿಗೆ ಇಷ್ಟು ಶಕ್ತಿ ಇದೆ ಎಂದು ಮೊದಲೇ ಗೊತ್ತಿದ್ದರೆ 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತಿರಲಿಲ್ಲ, ಬನಿಯನ್ ಹಿಂಡಿಕೊಂಡೇ ಕಾಲ ಹಾಕುತ್ತಿದ್ದೆವು.

ಈ ಪೇಂಟಿಂಗ್ ವಿಚಾರದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಇದೇ ತಾನೇ. ನಾನು ಬಂದಾಗ ಮನೆಗೆ ಹೊಸ ಡಿಸ್ಟೆಂಪರ್ ಹೊಡೆದಿತ್ತು, ಹಿಂದಿದ್ದವರ ದುಡ್ಡಿನಲ್ಲಿ. ನಮ್ಮ ರಸ್ತೆಯ ಪೇಂಟ್ ಅಂಗಡಿಯವರನ್ನು ಕೇಳಿದೆ. ನಾಲ್ಕೈದು ವರ್ಷ ಬಂದರೆ ಪುಣ್ಯ ಅಂದರು. ಅಂದರೆ ನಾನು ಬಿಟ್ಟ ಹೊತ್ತಿಗೆ ಆ ಬಣ್ಣ ತೀರಿಹೋಗಿ ಎರಡು ವರ್ಷವಾಗಿತ್ತು. ತೀರಿಕೊಂಡವರನ್ನು ಕೊಂದ ಆರೋಪ ನನ್ನ ಮೇಲೆ.

ನನ್ನ ತಂಗಿ ಇಂಗ್ಲೆಂಡಿನ ಲೀಡ್ಸಿನಲ್ಲಿದ್ದಾಳೆ. ಅವಳ ಮುಂದೆ ಹೀಗೀಗೆ ಅಂತ ಗೋಳಾಡಿದಾಗ ಅವಳು ಅಲ್ಲಿಯ ರೀತಿ ಹೇಳಿದಳು. ಅಡ್ವಾನ್ಸು ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲವಂತೆ, 2019ರಿಂದ. ವಾರ ಸ್ವಾಮಿ, ತಿಂಗಳಲ್ಲ. ಅದನ್ನೂ ಮಾಲೀಕರು ತಮ್ಮ ಪಾಡಿಗೆ ತಾವು ಇಟ್ಟುಕೊಳ್ಳುವ ಹಾಗಿಲ್ಲ. ಸರ್ಕಾರ ಒಪ್ಪಿದ ಒಂದು ರಕ್ಷಣಾ ಯೋಜನೆಯಲ್ಲಿ 30 ದಿನದೊಳಗೆ ನೋಂದಾಯಿಸಬೇಕು, ಈ ಪದ್ಧತಿ 2007ರಿಂದ ಇದೆ. ಜಗಳ ಬಂದರೆ ಆ ಯೋಜನೆಯವರೇ ಎರಡೂ ಕಡೆಯ ಫೋಟೋ, ಕಾಗದ ನೋಡಿ ಬಿಟ್ಟಿ ತೀರ್ಪು ಕೊಡುತ್ತಾರೆ. ಹತ್ತು ವರ್ಷ ಬಾಳುವ ಜಮಖಾನೆಯನ್ನು ಬಾಡಿಗೆಯವನು ಎಂಟನೇ ವರ್ಷ ಸುಟ್ಟರೆ ಅವನಿಂದ ಉಳಿದ ಎರಡು ವರ್ಷದ ಬೆಲೆ ಮಾತ್ರ. ಹಳೆಯದು ಹಾಳಾಯಿತೆಂದು ಹೊಸದರ ದುಡ್ಡು ಕೇಳಿದರೆ ತೀರ್ಪುಗಾರರು ಕೊಡುವುದಿಲ್ಲ. ಹಾಗಂತ ಅಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರು ಅಂತೇನೂ ಅಲ್ಲ. ಅವಳೂ ಒಮ್ಮೆ ಒಲೆಯ ಜಿಡ್ಡಿಗೆ ದುಡ್ಡು ಕಳೆದುಕೊಂಡಿದ್ದಾಳೆ. ನಮ್ಮ ಒಗ್ಗರಣೆಯ ಖ್ಯಾತಿ ಸಮುದ್ರ ದಾಟಿದೆ.

ನಮ್ಮಲ್ಲೂ ಕಾನೂನಿಗೇನು ಕೊರತೆ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುವುದು ಇಷ್ಟೇ: ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವಕಳಿಯನ್ನೂ ಮನುಷ್ಯನ ಕೈಮೀರಿದ ಅನಾಹುತವನ್ನೂ ಬಿಟ್ಟು. ಬ್ರಿಟಿಷರು ಉಪ್ಪಿಗೂ ತೆರಿಗೆ ಹಾಕಿದವರು. ಅವರೂ ಸವಕಳಿಗೆ ದುಡ್ಡು ಕೇಳಲಿಲ್ಲ. ಆದರೆ ಅದೇ ಕಲಮಿನ ಬಾಗಿಲಲ್ಲೇ ಒಂದು ಮಾತಿದೆ, ಬೇರೆ ಕರಾರು ಅಥವಾ ಊರ ರೂಢಿ ಇಲ್ಲದಿದ್ದರೆ ಮಾತ್ರ ಇದೆಲ್ಲ ಅಂತ. ಬೆಂಗಳೂರಿಗೆ ಅಷ್ಟು ಸಂದು ಸಾಕಾಯಿತು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಎಂಬುದು ಇಲ್ಲಿಯ ರೂಢಿ. ನಮ್ಮ ಕರಾರಿನಲ್ಲಿ ಅದೂ ಇಲ್ಲ, 'ಆಗುವ ಖರ್ಚಿನಷ್ಟು' ಎಂದಿದೆ. ಸಬ್ ರಿಜಿಸ್ಟ್ರಾರ್ ಕಚೇರಿ ಪಕ್ಕದ ಟೈಪಿಂಗ್ ಅಂಗಡಿಯ ಹುಡುಗ ಯಾವುದೋ ಹಳೇ ಕರಾರಿನಿಂದ ಎತ್ತಿ ಹಾಕಿದ ಇಂಗ್ಲಿಷ್ ಸಾಲು ಅದು. ತಾವೂ ಓದಲಿಲ್ಲ, ನಾನೂ ಓದಲಿಲ್ಲ. ಕರಾರು ಹನ್ನೊಂದು ತಿಂಗಳದ್ದು, ಏಕೆಂದರೆ ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಪ್ರತಿ ಹನ್ನೊಂದು ತಿಂಗಳಿಗೆ ಹೊಸ ಛಾಪಾ ಕಾಗದ, ಶೇ. 5 ಹೆಚ್ಚು ಬಾಡಿಗೆ, ಅದೇ ಸಾಲು. ಹದಿನೈದು ಸಾವಿರದಿಂದ ಶುರುವಾದ ಬಾಡಿಗೆ ಇಪ್ಪತ್ತೊಂದು ಸಾವಿರ ದಾಟಿತು. ಹೀಗೆ ಪ್ರತಿ ವರ್ಷ ಹೊಸದಾದದ್ದು ಕರಾರೊಂದೇ.

2021ರಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಇಲ್ಲ. ಕೊನೆಗೆ ಒಂದು ಅನುಸೂಚಿಯೂ ಇದೆ, ಯಾವ ರಿಪೇರಿ ಯಾರದೆಂದು ಭಾಗ ಪತ್ರದ ಹಾಗೆ ಹಂಚಿಕೊಟ್ಟಿದೆ. ಗೋಡೆಗೆ ಸುಣ್ಣ ಬಣ್ಣ, ಬಾಗಿಲು ಕಿಟಕಿಗೆ ಪೇಂಟು, ಪೈಪು, ದೊಡ್ಡ ವೈರಿಂಗು, ಕಟ್ಟಡದ ರಿಪೇರಿ, ಇವೆಲ್ಲ ಮಾಲೀಕರದು. ಓದಿ ನನಗೆ ಆನಂದಬಾಷ್ಪ ಬಂತು. ಆಮೇಲೆ ಗೊತ್ತಾಯಿತು, ಅದು ಮಾದರಿ ಮಾತ್ರ. ರಾಜ್ಯಗಳು ಬೇಕೆಂದರೆ ತಮ್ಮದಾಗಿ ಮಾಡಿಕೊಳ್ಳಬಹುದು. ಜವಳಿ ಅಂಗಡಿಯ ಗಾಜಿನೊಳಗೆ ರೇಷ್ಮೆ ಸೀರೆ ಉಟ್ಟು ನಿಂತ ಗೊಂಬೆಯ ಹಾಗೆ. ನೋಡಿ ಸಂತೋಷಪಡಬಹುದು, ಮನೆಗೆ ಕರೆದುಕೊಂಡು ಬರುವಂತಿಲ್ಲ. ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂತ ವಕೀಲ ಮಿತ್ರರನ್ನು ಕೇಳಿದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲವಂತೆ. ಆ ಬಾಡಿಗೆಗೆ ಈಗ ತಮ್ಮ ಗೇಟಿನ ಒಳಗೆ ಕಾರು ನಿಲ್ಲಿಸಲೂ ಬಿಡಲಾರಿರಿ.

ಇನ್ನೊಂದು ಕಾಯ್ದೆ ಮಾತ್ರ ತಮ್ಮ ಕೈ ಬಿಟ್ಟಿಲ್ಲ, ಆದಾಯ ತೆರಿಗೆಯದು. ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30ನ್ನು ಅದು ತೆರಿಗೆಯಿಂದ ಬಿಟ್ಟುಬಿಡುತ್ತದೆ. ರಿಪೇರಿ ಮಾಡಿಸಿದ ರಸೀದಿ ಕೇಳುವುದಿಲ್ಲ. ಒಂದು ಬ್ರಷ್ಷೂ ಎತ್ತದಿದ್ದರೂ ಕೊಡುತ್ತದೆ. ಈಗಿನ ಬಾಡಿಗೆಯಲ್ಲಿ ಅದು ವರ್ಷಕ್ಕೆ ಎಪ್ಪತ್ತು ಸಾವಿರದ ಮೇಲೆ, ಹೆಚ್ಚು ಕಡಿಮೆ ತಮ್ಮ ಪಟ್ಟಿಯಷ್ಟೇ. ಮನೆ ಸವೆಯುತ್ತದೆ ಎಂಬುದನ್ನು ದೆಹಲಿಯಲ್ಲಿ ಕೂತ ಸರ್ಕಾರ ಪ್ರತಿ ವರ್ಷ ಒಪ್ಪಿಕೊಳ್ಳುತ್ತಿದೆ, ತಾವು ಒಂದು ಸಲವೂ ಒಪ್ಪಲಿಲ್ಲ. ತಾವು ಬಾಡಿಗೆ ಆದಾಯ ತೋರಿಸುತ್ತೀರಿ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ನಮ್ಮ ಆಫೀಸಿನಲ್ಲಿ ಮಾಲೀಕರ ಪ್ಯಾನ್ ಸಂಖ್ಯೆ ಕೇಳುತ್ತಾರೆ ಅಂದಾಗ ತಮಗೆ ಬಂದ ಕೆಮ್ಮು ಈಗ ವಾಸಿಯಾಗಿರಬಹುದು.

ಸಹಜ ಸವಕಳಿ ಎಂದರೇನು ಎಂದು ತಮಗೆ ಗೊತ್ತಿಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ. ತಮ್ಮ ಕೆಳಗಿನ ಮನೆಯ ನಡುಮನೆ ನನಗೆ ಚೆನ್ನಾಗಿ ನೆನಪಿದೆ. ತಮ್ಮ ತಂದೆಯವರು ಹಾಕಿಸಿದ ರೆಡ್ ಆಕ್ಸೈಡ್ ನೆಲ. ನಡುವೆ ಓಡಾಡುವ ಜಾಗ ಕನ್ನಡಿಯ ಹಾಗೆ, ಮೂಲೆಗಳಲ್ಲಿ ಮಾತ್ರ ಮಂಕು. ಮುಟ್ಟಿ ನೋಡಿ, ಪಾಲಿಶ್ ಅಲ್ಲ ಇದು, ನಲವತ್ತು ವರ್ಷ ಕಾಲು ತಿಕ್ಕಿ ತಿಕ್ಕಿ ಬಂದ ಹೊಳಪು ಅಂತ ಬಂದವರಿಗೆಲ್ಲ ಹೇಳುತ್ತೀರಿ. ನನಗೂ ಬಗ್ಗಿ ಮುಟ್ಟಿಸಿದ್ದೀರಿ, ತಣ್ಣಗಿತ್ತು. ಅದೇ ತಾವು ಪಟ್ಟಿಯಲ್ಲಿ 'ಡೀಪ್ ಕ್ಲೀನಿಂಗ್, ಟೈಲ್ಸ್ ಹೊಳಪು ಹೋಗಿದೆ, 6,500' ಎಂದು ಬರೆದಿದ್ದೀರಿ. ಕೆಳಗೆ ಕಾಲು ತಿಕ್ಕಿದರೆ ಹೊಳಪು, ಮೇಲೆ ತಿಕ್ಕಿದರೆ ಹಾನಿ. ನಮ್ಮ ಪಾದದಲ್ಲೇ ಏನೋ ದೋಷ ಇರಬೇಕು.

ತಾವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕೊರೋನಾ ಕಾಲದಲ್ಲಿ ಎರಡು ತಿಂಗಳು ಬಾಡಿಗೆ ನಿಧಾನವಾಗಿ ಕೊಡಿ ಅಂದವರು ತಾವು. ಚಾಮರಾಜಪೇಟೆಯ ವಠಾರದಲ್ಲಿ ಬೆಳೆದ ಕತೆ ಹೇಳುತ್ತಿದ್ದಿರಿ. ಆರು ಮನೆಗೆ ಒಂದೇ ನಲ್ಲಿ, ರಾತ್ರಿ ಒಂಬತ್ತೂವರೆಗೆ ಮೈನ್ ಸ್ವಿಚ್ಚು ಆರಿಸುವ ಮಾಲೀಕ, ಗೋಡೆಗೆ ಮೊಳೆ ಹೊಡೆದ ಸದ್ದು ಕೇಳಿದರೆ ಓಡಿ ಬರುತ್ತಿದ್ದ ಅವನ ಹೆಂಡತಿ. ಕ್ಯಾಲೆಂಡರನ್ನು ಅಕ್ಕಿ ಡಬ್ಬದ ಮೇಲೆ ಒರಗಿಸಿಡುತ್ತಿದ್ದೆವು ಕಣ್ರೀ ಅಂತ ನಗುತ್ತಾ ಹೇಳಿದ್ದಿರಿ. ನಿವೃತ್ತರಾದ ಮೇಲೆ ಮಹಡಿಯ ಬಾಡಿಗೆಯೇ ತಮಗೆ ಪಿಂಚಣಿ, ಪೇಂಟರಿನ ಕೂಲಿ ಗಗನಕ್ಕೇರಿದೆ, ಅದೂ ಗೊತ್ತು. ಆದರೆ ಆ ಏಳು ವರ್ಷಕ್ಕೆ ಹತ್ತಿರ ಹತ್ತಿರ ಹದಿನೈದು ಲಕ್ಷ ಬಾಡಿಗೆ ಕೊಟ್ಟೆನಲ್ಲ ಸ್ವಾಮಿ, ಅದು ಯಾತಕ್ಕೆ ಅಂದುಕೊಂಡಿರಿ? ಮನೆಯನ್ನು ದೂರದಿಂದ ನೋಡಿ ಕೈಮುಗಿಯುವುದಕ್ಕಾ? ಸವೆಸುವುದಕ್ಕೇ ಕೊಟ್ಟದ್ದು. ಚಪ್ಪಲಿ ಬಾಡಿಗೆಗೆ ಕೊಟ್ಟು ಅಟ್ಟೆ ಸವೆದಿದೆ ಅಂದರೆ ಹೇಗೆ?

ಹಾಗಂತ ನನ್ನ ಕೈಯಿಂದ ಏನೂ ಆಗಿಲ್ಲ ಎನ್ನಲಾರೆ. ಪಟ್ಟಿಯಲ್ಲಿ ಒಪ್ಪುವಂಥವೂ ಇವೆ. ಸೊಳ್ಳೆ ಪರದೆ ಹರಿದದ್ದು ನಿಜ, 2,200. ಬೀರುವಿನ ಬೀಗ ಕೀಲಿ ಕಳೆದು ಮುರಿಸಿದ್ದು ನಾನೇ, 1,200. ನಾಲ್ಕು ನಲ್ಲಿ, 3,600. ಕೆಳಗೆ ಕಾವೇರಿ, ಮೇಲೆ ಬೋರಿನ ಉಪ್ಪುನೀರು ಎಂಬ ತಮ್ಮ ವಾಲ್ವಿನ ಏರ್ಪಾಡಿನಿಂದಲೇ ಆ ನಲ್ಲಿಗಳು ಅಕಾಲದಲ್ಲಿ ನರೆತವು ಎಂದು ವಾದಿಸಬಹುದಿತ್ತು. ಆದರೆ ಅದೇ ಮಾದರಿ ಕಾಯ್ದೆಯ ಅನುಸೂಚಿ ನಲ್ಲಿ, ವಾಷರು, ಬೀಗ, ಸೊಳ್ಳೆ ಪರದೆ ಎಲ್ಲ ಬಾಡಿಗೆದಾರನ ತಲೆಗೆ ಕಟ್ಟಿದೆ. ಗೋಡೆಯ ವಿಷಯಕ್ಕೆ ಅದನ್ನು ಓದಿ ಹೇಳಿದವನು ನಲ್ಲಿಯ ವಿಷಯಕ್ಕೆ ಪುಟ ಮಗುಚಬಾರದು. ಗೀಸರಿನ 2,800 ಮಾತ್ರ ಕೊಡುವುದಿಲ್ಲ. ಕಾಯಿಲ್ ಎರಡು ಸಲ ನಾನೇ ಹಾಕಿಸಿದೆ, ಬಿಲ್ಲು ಅದೇ ವಾಟ್ಸಾಪಿನಲ್ಲಿದೆ, ನೀಲಿ ಗೆರೆ ಸಮೇತ. ಸ್ವಿಚ್ ಬೋರ್ಡು ಹಳದಿಯಾಗಿದೆ, 1,800. ಪ್ಲಾಸ್ಟಿಕ್ಕಿಗೆ ವಯಸ್ಸಾಗಿದೆ, ನಮ್ಮಿಬ್ಬರಿಗೂ ಆಗಿದೆ. ಕೊನೆಯ ಸಾಲು 'ಇತರೆ, 5,000'. ಇತರೆ ಅಂದರೆ ಏನು ಎಂದು ಮನೆಯಲ್ಲಿ ಎಲ್ಲರೂ ಕೂತು ಯೋಚಿಸಿದೆವು. ಉಸಿರಾಡಿದ ಗಾಳಿ ಇರಬಹುದು ಎಂದಳು ಮಗಳು.

ಒಪ್ಪಿದ್ದು ಒಟ್ಟು 7,000. ಅದಕ್ಕೆ ಇನ್ನೊಂದು ಬಾಬ್ತು ಸೇರಿಸಿಕೊಳ್ಳಿ. ಅದು ತಮ್ಮ ಪಟ್ಟಿಯಲ್ಲಿಲ್ಲ.

2022ರ ಗಣೇಶನ ಹಬ್ಬದ ದಿನ ಮಧ್ಯಾಹ್ನ ಧೋ ಎಂದು ಮಳೆ. ಕಾಯಿ ಒಡೆಯಲು ಕೆಳಗಿನ ಕಲ್ಲಿನ ಹತ್ತಿರ ಹೋಗಲು ಸೋಮಾರಿತನವಾಗಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಅಂಚಿಗೆ ಕುಟ್ಟಿದೆ. ಒಂದೇ ಏಟಿಗೆ ಒಡೆಯಿತು. ಕಾಯಲ್ಲ. ಸಿಂಕಿನ ಪಕ್ಕದಿಂದ ಒಂದು ಗೇಣುದ್ದದ ಬಿರುಕು, ಅಂಚಿನಲ್ಲಿ ಒಂದು ಚೂರು ಎದ್ದು ಕೈಗೆ ಬಂತು. ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಳು. ಅಂಗಡಿಯಿಂದ ಎಂ ಸೀಲ್ ತಂದು ತುಂಬಿ, ಒಣಗಿದ ಮೇಲೆ ಉಜ್ಜಿ, ಅದರ ಮೇಲೆ ಕಪ್ಪು ಬೂಟ್ ಪಾಲಿಶ್ ತಿಕ್ಕಿದೆ. ಆಮೇಲೆ ಪ್ರತಿ ತಿಂಗಳೂ ಬಾಡಿಗೆ ಕೊಟ್ಟ ದಿನವೇ ಒಂದು ಕೈ ತಿಕ್ಕುತ್ತಾ ಬಂದೆ. ಆ ಭಾನುವಾರ ತಾವು ಟಾರ್ಚು ಹಿಡಿದು ಅಡುಗೆಮನೆಗೆ ಕಾಲಿಟ್ಟಾಗ ನನ್ನ ಎದೆ ಡವಡವ. ತಾವು ಸರಿಯಾಗಿ ಆ ಬಿರುಕಿನ ಮೇಲೇ ಕೈ ಆಡಿಸಿ, "ಗ್ರಾನೈಟ್ ಮಾತ್ರ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದಿರಿ. ಪಕ್ಕದ ಗೋಡೆಗೆ ತಿರುಗಿ ಹತ್ತೊಂಬತ್ತನೇ ಸೊನ್ನೆ ಸುತ್ತಿದಿರಿ.

ಸ್ವಾಮಿ, ಅದು ಹಾನಿ. ಅದರಲ್ಲಿ ಸವಕಳಿ ಏನೇನೂ ಇಲ್ಲ. ಕಲ್ಲು ಏಳು ವರ್ಷಕ್ಕೆ ಸವೆಯುವುದಿಲ್ಲ, ಆದ್ದರಿಂದ ವಯಸ್ಸಿನ ರಿಯಾಯಿತಿಯನ್ನೂ ಕೇಳುವುದಿಲ್ಲ. ಮೇಸ್ತ್ರಿಯನ್ನು ವಿಚಾರಿಸಿದ್ದೇನೆ, ಆ ತುಂಡು ಬದಲಿಸಿ ಕೂರಿಸಲು ಕೂಲಿ ಸೇರಿ 6,000. ಅದು ಸೇರಿ ನನ್ನ ಪಾಲು 13,000. ತಾವು ಹಿಡಿದ 70,500ರಲ್ಲಿ ಇದನ್ನು ಮುರಿದುಕೊಂಡು ಉಳಿದ 57,500ನ್ನು ಹಿಂದಿನ ಕಂತು ಕಳಿಸಿದ ಖಾತೆಗೇ ಕಳಿಸಿಕೊಡಿ. ಖರ್ಚಿನ ರಸೀದಿ ತೋರಿಸಿದರೆ ಇನ್ನೂ ಒಂದೆರಡು ಬಾಬ್ತು ಮಾತಾಡಲು ಸಿದ್ಧನಿದ್ದೇನೆ, ಇತರೆಯೊಂದನ್ನು ಬಿಟ್ಟು.

ಮನೆಯವರಿಗೆ ನನ್ನ ಹೆಂಡತಿಯ ನಮಸ್ಕಾರ ತಿಳಿಸಿ. ಹೊಸ ಮನೆಯ ಹೊಸಿಲಿಗೆ ಏನು ಮಾಡುವುದು ಎಂದು ಅವಳು ಇನ್ನೂ ತೀರ್ಮಾನಿಸಿಲ್ಲ. ಕ್ಯಾಲೆಂಡರು ಸದ್ಯಕ್ಕೆ ಅಕ್ಕಿ ಡಬ್ಬದ ಮೇಲಿದೆ.

ಇತಿ ತಮ್ಮ ವಿಧೇಯ,
ಮಾಜಿ ಮಹಡಿಯವನು

ತಾ.ಕ.: ಮಹಡಿಗೆ ಹೊಸಬರು ಬಂದಿದ್ದಾರೆಂದು ಕೇಳಿದೆ. ಕಾಯಿ ಒಡೆಯುವ ಕಲ್ಲು ಕೆಳಗೆ ಎಲ್ಲಿದೆ ಅಂತ ಅವರಿಗೆ ಮೊದಲ ದಿನವೇ ತೋರಿಸಿಬಿಡಿ. ಮಳೆಗಾಲಕ್ಕೆ ಒಂದು ಛತ್ರಿಯನ್ನೂ ಅಲ್ಲೇ ಇಟ್ಟಿರಿ.